ರಿವರ್ಸ್ ಗೇರು, ಕಪ್ಪು ಪರದೆ

ಗೇರು ರಿವರ್ಸಿಗೆ ಬಿತ್ತು. ಹಾಡು ನಿಂತಿತು, ಪರದೆ ಕಪ್ಪಾಯಿತು, ಹಿಂದಿನ ಗೋಡೆ ಮಾತ್ರ ಕಾಣಲಿಲ್ಲ. ಕಾರಿನ ಹಿಂಬದಿಯ ಕ್ಯಾಮೆರಾ ಕೈಕೊಡುವುದು ಬಹುಮಟ್ಟಿಗೆ ಹೀಗೆಯೇ. ನಿನ್ನೆ ಸಂಜೆಯವರೆಗೆ ನೆಟ್ಟಗಿದ್ದದ್ದು ಇಂದು ಬೆಳಿಗ್ಗೆ ಇಲ್ಲ. ಅಂಗಡಿಗೆ ಒಯ್ದರೆ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: “ಕ್ಯಾಮೆರಾ ಹೋಗಿದೆ ಸರ್, ಹೊಸದು ಹಾಕ್ಬಿಡೋಣ.” ಹೊಸದು ಹಾಕಿದ ಮೇಲೂ ಚಿತ್ರ ಬರದಿದ್ದರೆ ಮಾತು ಸ್ಟೀರಿಯೊ ಕಡೆಗೆ ತಿರುಗುತ್ತದೆ. ಅಷ್ಟರಲ್ಲಿ ಸಾವಿರಾರು ರೂಪಾಯಿ ಕೈಬಿಟ್ಟಿರುತ್ತದೆ. ಡಿಕ್ಕಿ ಬಾಗಿಲಿನ ಸಂದಿಯಲ್ಲಿ ತುಂಡಾದ ತಂತಿಯೋ ಕಿಲುಬು ಹಿಡಿದ ಜಾಯಿಂಟೋ ಇದ್ದಲ್ಲೇ ಇರುತ್ತದೆ.

ಕ್ಯಾಮೆರಾ ಬದಲಿಸುವುದು ಈ ಹುಡುಕಾಟದ ಕೊನೆಯ ಕೆಲಸವಾಗಬೇಕು, ಮೊದಲನೆಯದಲ್ಲ. ಹಿಂಬದಿಯ ಕ್ಯಾಮೆರಾ ಎಂಬುದು ಮೊಬೈಲಿನ ಕ್ಯಾಮೆರಾದಷ್ಟೇ ಪುಟ್ಟದಾದ, ಅಲುಗಾಡುವ ಭಾಗಗಳಿಲ್ಲದ, ಮುಚ್ಚಿ ಮೊಹರು ಹಾಕಿದ ವಸ್ತು. ಅದರಿಂದ ಪರದೆಯವರೆಗಿನ ದಾರಿ ಮಾತ್ರ ಮೂರು ನಾಲ್ಕು ಮೀಟರ್ ಉದ್ದ. ಬಾಗಿಲಿನ ಕೀಲು, ಛಾವಣಿಯ ಒಳಪದರ ಅಥವಾ ಹೊಸ್ತಿಲಿನ ಪಟ್ಟಿ, ಡ್ಯಾಶ್‌ಬೋರ್ಡಿನ ಹಿಂಬದಿ, ನಡುವೆ ಹಲವು ಜಾಯಿಂಟುಗಳು. ಇಷ್ಟು ಉದ್ದದ ದಾರಿಯಲ್ಲಿ ಎಲ್ಲಿ ಕಡಿದರೂ ಕೊನೆಗೆ ಕಾಣುವುದು ಅದೇ ಕತ್ತಲು.

ನಮ್ಮಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದದ್ದು ರಿವರ್ಸ್ ಪಾರ್ಕಿಂಗ್ ಸೆನ್ಸರ್, ಕ್ಯಾಮೆರಾ ಅಲ್ಲ. ಹಾಗಾಗಿ ಕೆಳಗಿನ ವೇರಿಯಂಟ್ ಕೊಂಡವರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ತಮ್ಮೂರಿನ ಆಕ್ಸೆಸರೀಸ್ ಅಂಗಡಿಯಲ್ಲೋ ಸ್ಟೀರಿಯೊ, ಕ್ಯಾಮೆರಾ ಎರಡನ್ನೂ ಆಮೇಲೆ ಹಾಕಿಸಿಕೊಳ್ಳುತ್ತಾರೆ. ತಪ್ಪೇನಿಲ್ಲ, ಒಳ್ಳೆಯ ಕೆಲಸಗಾರರು ಅಲ್ಲೂ ಇದ್ದಾರೆ. ಆದರೆ ಒಂದು ಗಂಟೆಯಲ್ಲಿ ಮುಗಿಸಿದ ಆ ಕೆಲಸದಲ್ಲಿ ತಂತಿಗೆ ತಂತಿ ತಿರುಚಿ ಕಪ್ಪು ಟೇಪು ಸುತ್ತಿದ ಜಾಯಿಂಟುಗಳು ಎಷ್ಟಿವೆ, ಎಲ್ಲೆಲ್ಲಿವೆ ಎಂಬುದು ಮಾಲೀಕನಿಗೆ ಗೊತ್ತಿರುವುದಿಲ್ಲ. ಎರಡು ಬೇಸಿಗೆ ಕಳೆದರೆ ಟೇಪಿನ ಅಂಟು ಕರಗಿ ಜಾರುತ್ತದೆ, ಮೂರನೇ ಮಳೆಗಾಲಕ್ಕೆ ಚಿತ್ರ ಹೋಗುತ್ತದೆ.

ದೋಷ ಹುಡುಕುವ ಮೊದಲು ಚಿತ್ರ ಹೇಗೆ ಬರುತ್ತದೆ ಎಂಬುದನ್ನು ತಿಳಿದಿರಬೇಕು. ಹೊರಗೆ ಹಾಕಿಸಿದ ವ್ಯವಸ್ಥೆಯಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆಯಬೇಕು. ರಿವರ್ಸ್ ಗೇರು ಬಿದ್ದೊಡನೆ ಗೇರ್‌ಬಾಕ್ಸಿನ ಮೇಲಿರುವ ಚಿಕ್ಕ ಸ್ವಿಚ್ ಒತ್ತಿಕೊಂಡು ಹಿಂದಿನ ಬಿಳಿ ದೀಪ ಹೊತ್ತುತ್ತದೆ. ಕ್ಯಾಮೆರಾಕ್ಕೆ ಬೇಕಾದ 12 ವೋಲ್ಟ್ ಕರೆಂಟನ್ನು ಸಾಮಾನ್ಯವಾಗಿ ಆ ದೀಪದ ತಂತಿಯಿಂದಲೇ ಎಳೆದಿರುತ್ತಾರೆ. ಅದೇ ಕರೆಂಟಿನ ಇನ್ನೊಂದು ಕವಲು ಮುಂದಕ್ಕೆ ಬಂದು, ‘ಈಗ ಕ್ಯಾಮೆರಾ ತೋರಿಸು’ ಎಂದು ಸ್ಟೀರಿಯೊಗೆ ತಿಳಿಸುತ್ತದೆ. ಕೆಲಸಗಾರರು ಇದನ್ನು ಟ್ರಿಗರ್ ವೈರ್ ಎನ್ನುತ್ತಾರೆ. ಹಲವು ಸ್ಟೀರಿಯೊಗಳಲ್ಲಿ ಇದು ಬಿಳಿ ಗೆರೆಯ ನೇರಳೆ ತಂತಿ. ಮೂರನೆಯದು ಚಿತ್ರವನ್ನೇ ಹೊತ್ತು ತರುವ ಹಳದಿ ತುದಿಯ ಆರ್‌ಸಿಎ ಕೇಬಲ್. ಅದರಲ್ಲಿ ಹರಿಯುವ ಸಂಕೇತ ಬರೀ ಒಂದು ವೋಲ್ಟಿನಷ್ಟು. ಬಲ್ಬಿಗೆ ಸಾಲುವ ಸಡಿಲ ಜಾಯಿಂಟು ಇಷ್ಟು ಸೂಕ್ಷ್ಮ ಸಂಕೇತಕ್ಕೆ ಸಾಲದಿರಬಹುದು.

ಇಷ್ಟು ತಿಳಿದ ಮೇಲೆ ಖಾಲಿ ಪರದೆಯೇ ಅರ್ಧ ಉತ್ತರ ಹೇಳುತ್ತದೆ, ಏಕೆಂದರೆ ಚಿತ್ರ ಬಾರದಿರುವುದರಲ್ಲೂ ಬಗೆಗಳಿವೆ. ಇದನ್ನು ಗಮನಿಸದೆ ಪಾನಾ ಕೈಗೆತ್ತಿಕೊಳ್ಳುವುದು ವ್ಯರ್ಥ.

ರಿವರ್ಸ್ ಹಾಕಿದರೂ ಹಾಡು ನಿಲ್ಲದೆ, ಪರದೆ ಮೊದಲಿದ್ದ ಹಾಗೇ ಇದ್ದರೆ ಸ್ಟೀರಿಯೊಗೆ ಸುದ್ದಿಯೇ ಮುಟ್ಟಿಲ್ಲ ಎಂದರ್ಥ. ಅಲ್ಲಿ ಕ್ಯಾಮೆರಾವನ್ನು ಶಂಕಿಸಬೇಕಿಲ್ಲ, ಟ್ರಿಗರ್ ತಂತಿ, ರಿವರ್ಸ್ ದೀಪ, ಫ್ಯೂಸ್ ಇವುಗಳನ್ನು ನೋಡಬೇಕು. ಪರದೆ ಬದಲಾಗಿ ನೀಲಿಯಾಗಿ ‘ನೋ ಸಿಗ್ನಲ್’ ಎಂದು ಬಂದರೆ ಸುದ್ದಿ ಮುಟ್ಟಿದೆ, ಚಿತ್ರ ಮುಟ್ಟಿಲ್ಲ; ಕ್ಯಾಮೆರಾದ ಕರೆಂಟು ಅಥವಾ ಹಳದಿ ಕೇಬಲಿನ ಕಡೆ ಹೋಗಬೇಕು. ಕಪ್ಪು ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು ಮಾತ್ರ ಮೂಡಿದರೆ ಇನ್ನೊಂದು ಸುಳಿವು ಸಿಕ್ಕಿತು. ಈ ಗೆರೆಗಳನ್ನು ಕೆಲವು ಕಾರುಗಳಲ್ಲಿ ಸ್ಟೀರಿಯೊ ಬರೆಯುತ್ತದೆ, ಕೆಲವದರಲ್ಲಿ ಕ್ಯಾಮೆರಾವೇ ಬರೆದು ಕಳಿಸುತ್ತದೆ. ನಿಮ್ಮ ಕಾರಿನಲ್ಲಿ ಗೆರೆ ಬರೆಯುವುದು ಕ್ಯಾಮೆರಾ ಆಗಿದ್ದು, ಗೆರೆ ಬರುತ್ತಿದ್ದರೆ ಕೇಬಲೂ ಕರೆಂಟೂ ಸರಿಯಿವೆ, ಕೆಟ್ಟಿರುವುದು ಕಣ್ಣು. ಚಿತ್ರ ಉರುಳುತ್ತಾ ಗೆರೆಗೆರೆಯಾಗಿ, ಬಣ್ಣವಿಲ್ಲದೆ ಬಂದರೆ ಅರ್ತ್ ಸರಿಯಿಲ್ಲ, ಇಲ್ಲವೇ ಸೆಟ್ಟಿಂಗ್ ತಾಳೆಯಾಗುತ್ತಿಲ್ಲ. ಬೆಳಿಗ್ಗೆ ಬಿಳಿ ಮಂಜಾಗಿದ್ದು ಮಧ್ಯಾಹ್ನ ಬಿಸಿಲಿಗೆ ತಿಳಿಯಾದರೆ ಮಸೂರದ ಒಳಗೆ ತೇವ ಹೊಕ್ಕಿದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಚಿತ್ರ ಮಾಯವಾಗಿ ತಣ್ಣಗಾದ ಮೇಲೆ ಬಂದರೆ ಒಳಗಿನ ಬೆಸುಗೆ ಬಿರುಕುಬಿಟ್ಟಿರುವ ಸಂಭವವಿದೆ. ಡಿಕ್ಕಿ ತೆರೆದಾಗ ಬಂದು, ಮುಚ್ಚಿದಾಗ ಹೋದರೆ ಮುಂದೆ ಹುಡುಕುವುದೇ ಬೇಡ.

ಕೀಲಿನ ಬಳಿಯ ರಬ್ಬರು

ಈ ಕೊನೆಯ ಬಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಎಸ್‌ಯುವಿ, ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ದೋಷ ಅಡಗುವ ಮುಖ್ಯ ಜಾಗ ಇದು. ಡಿಕ್ಕಿ ಬಾಗಿಲನ್ನು ಎತ್ತಿ ಮೇಲಿನ ಕೀಲಿನ ಬಳಿ ನೋಡಿ. ಕಾರಿನ ಛಾವಣಿಯಿಂದ ಬಾಗಿಲಿನ ಒಳಕ್ಕೆ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಕೊಳವೆಯೊಂದು ಹೋಗಿರುತ್ತದೆ. ಹಿಂದಿನ ವೈಪರ್, ನಂಬರ್ ಪ್ಲೇಟಿನ ದೀಪ, ಲಾಕ್, ಗಾಜಿನ ಮಂಜು ಕರಗಿಸುವ ಹೀಟರ್, ಕ್ಯಾಮೆರಾ ಎಲ್ಲದರ ತಂತಿಗಳೂ ಆ ಕೊಳವೆಯೊಳಗೆ. ಬಾಗಿಲು ತೆರೆದಾಗಲೊಮ್ಮೆ, ಮುಚ್ಚಿದಾಗಲೊಮ್ಮೆ ಅವೆಲ್ಲ ಒಂದೇ ಜಾಗದಲ್ಲಿ ಬಾಗುತ್ತವೆ. ಕೊಡಪಾನಕ್ಕೆ ಕಟ್ಟಿದ ಹಗ್ಗ ಕುಣಿಕೆಯ ಬಳಿಯೇ ಸವೆಯುವ ಹಾಗೆ ಈ ತಂತಿಗಳೂ ಬಾಗುವಲ್ಲೇ ದಣಿಯುತ್ತವೆ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ನೆಟ್ಟಗಿರುವಂತೆ ಕಾಣುತ್ತದೆ. ಹೊರಗಿನಿಂದ ಸವರಿದರೆ ಏನೂ ತಿಳಿಯದು.

ಇದು ಅಗ್ಗದ ಕೆಲಸದಲ್ಲಿ ಮಾತ್ರ ಆಗುವ ತೊಂದರೆಯಲ್ಲ. 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿ 2017ರಿಂದ 2020ರವರೆಗಿನ 3,56,309 ಮಾಡೆಲ್ 3 ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಡಿಕ್ಕಿ ತೆಗೆದು ಮುಚ್ಚುವಾಗ ಕ್ಯಾಮೆರಾದ ಕೇಬಲ್ ಸವೆದು ಚಿತ್ರ ನಿಂತುಹೋಗಬಹುದು ಎಂಬುದೇ ಕಾರಣ. 2023ರಲ್ಲಿ ಹೋಂಡಾ ಅದೇ ದೇಶದಲ್ಲಿ ಒಡಿಸ್ಸಿ, ಪೈಲಟ್, ಪಾಸ್‌ಪೋರ್ಟ್ ಮಾದರಿಯ ಸುಮಾರು 12 ಲಕ್ಷ ವಾಹನಗಳನ್ನು ಕರೆಸಿಕೊಂಡಿತು. ಅಲ್ಲಿ ದೋಷವಿದ್ದದ್ದು ಕೇಬಲಿನ ಕನೆಕ್ಟರಿನಲ್ಲಿ. ಎರಡೂ ಕಡೆ ಕೈಕೊಟ್ಟದ್ದು ಕ್ಯಾಮೆರಾದ ಕಣ್ಣಲ್ಲ, ನಡುವಿನ ದಾರಿ.

ಪರೀಕ್ಷೆ ಸುಲಭ. ಒಬ್ಬರು ಮುಂದಿನ ಸೀಟಿನಲ್ಲಿ ಕೂತು ಪರದೆ ನೋಡುತ್ತಿರಲಿ. ಎಂಜಿನ್ ಆಫ್, ಇಗ್ನಿಷನ್ ಆನ್, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಗೇರು ರಿವರ್ಸಿನಲ್ಲಿರಲಿ. ಎಂಜಿನ್ ಓಡುತ್ತಿರುವ ಕಾರು ರಿವರ್ಸಿನಲ್ಲಿರುವಾಗ ಅದರ ಹಿಂದೆ ಯಾರೂ ನಿಲ್ಲಬಾರದು, ಒಂದು ಕ್ಷಣಕ್ಕೂ ಬೇಡ. ಈಗ ಇನ್ನೊಬ್ಬರು ಡಿಕ್ಕಿ ಬಾಗಿಲನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಬೇಕು, ನಡುನಡುವೆ ಆ ರಬ್ಬರ್ ಕೊಳವೆಯನ್ನು ಹಿಡಿದು ಮೆಲ್ಲಗೆ ಹಿಸುಕಬೇಕು. ಚಿತ್ರ ಒಮ್ಮೆ ಮಿನುಗಿದರೂ ಸಾಕು, ಜಾಗ ಸಿಕ್ಕಿತು. ಕೊಳವೆಯ ಒಂದು ತುದಿಯನ್ನು ಬಾಗಿಲಿನ ರಂಧ್ರದಿಂದ ಹೊರಗೆಳೆದು ಹಿಂದಕ್ಕೆ ಸರಿಸಿದರೆ ತಂತಿಗಳು ಕಾಣುತ್ತವೆ. ಒಂದೊಂದನ್ನೇ ಬೆರಳಲ್ಲಿ ಹಿಡಿದು ಎಳೆದಾಗ ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರ ತುಂಡಾಗಿದೆ. ಹಿಂದಿನ ವೈಪರ್ ಅಥವಾ ನಂಬರ್ ಪ್ಲೇಟಿನ ದೀಪವೂ ಅದೇ ದಿನಗಳಲ್ಲಿ ಕೆಟ್ಟಿದ್ದರೆ ಈ ಶಂಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ರಿಪೇರಿಯಲ್ಲೂ ಒಂದು ಸೂಕ್ಷ್ಮವಿದೆ. ತುಂಡಾದ ಎರಡು ತುದಿಗಳನ್ನು ಹಿಡಿದೆಳೆದು ಅಲ್ಲೇ ಗಂಟು ಹಾಕಿದರೆ ತಂತಿ ಮೊದಲಿಗಿಂತ ಬಿಗಿಯಾಗಿ ಕೆಲವೇ ತಿಂಗಳಲ್ಲಿ ಮತ್ತೆ ಕಡಿಯುತ್ತದೆ. ಬಾಗುವ ಜಾಗದ ಆಚೆಗೂ ಈಚೆಗೂ ಹೋಗುವಷ್ಟು ಉದ್ದದ, ಹೆಚ್ಚು ಎಳೆಗಳಿರುವ ಮೆದು ತಂತಿಯನ್ನು ಸೇರಿಸಿ, ಜಾಯಿಂಟುಗಳು ಕೊಳವೆಯ ಹೊರಗೆ ಬೀಳುವಂತೆ ನೋಡಿಕೊಳ್ಳಬೇಕು. ಬೆಸುಗೆ ಹಾಕಿ ಅದರ ಮೇಲೆ ಬಿಸಿಗೆ ಕುಗ್ಗುವ ಹೊದಿಕೆ ಸೇರಿಸಿದರೆ ಚೆನ್ನ. ಆದರೆ ಬೆಸುಗೆ ಹಾಕಿದ ಭಾಗ ಗಡುಸಾಗುವುದರಿಂದ ಅದು ಬಾಗುವಲ್ಲಿ ಇರಲೇಬಾರದು. ಚಿತ್ರದ ಕೇಬಲೇ ಕಡಿದಿದ್ದರೆ ಅದನ್ನು ಜೋಡಿಸುವ ಸಾಹಸ ಬೇಡ. ನಡುವಿನ ಎಳೆಯೂ ಸುತ್ತಲಿನ ಜಾಲರಿಯೂ ಬೇರೆಯಾಗಿಯೇ ಉಳಿಯಬೇಕಾದ ಕೇಬಲ್ ಅದು. ಆರ್‌ಸಿಎ ಆದರೆ ಹೊಸ ಕೇಬಲಿಗೆ ಕೆಲವು ನೂರು ರೂಪಾಯಿ, ಅದನ್ನು ಎಳೆಯುವ ಕೂಲಿ ಬೇರೆ. ಅಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಕ್ಯಾಮೆರಾ, ಸ್ಟೀರಿಯೊ ಎರಡನ್ನೂ ಬದಲಿಸಿದವರನ್ನು ಕಂಡಾಗ ಬೇಸರವಾಗುತ್ತದೆ.

ನೀರು, ಉಪ್ಪು, ಇಲಿ

ಕ್ಯಾಮೆರಾ ಇರುವುದು ನಂಬರ್ ಪ್ಲೇಟಿನ ಮೇಲೆ. ಹಿಂದಿನ ಗಾಲಿಗಳು ಎಬ್ಬಿಸಿದ ಕೆಸರೂ ದೂಳೂ ಸುಳಿಸುತ್ತಿ ಬಂದು ಕೂರುವ ಜಾಗ ಅದು. ಎಲ್ಲಕ್ಕಿಂತ ಮೊದಲು ಒದ್ದೆ ಬಟ್ಟೆಯಿಂದ ಮಸೂರವನ್ನು ಮೆತ್ತಗೆ ಒರೆಸಿ ನೋಡಬೇಕು. ಕೇಳಲು ತೀರ ಚಿಕ್ಕ ಮಾತು. ಆದರೆ ಕೆಮ್ಮಣ್ಣು ಒಣಗಿ ಕೂತ ಮಸೂರ ರಾತ್ರಿ ಹೊತ್ತು ಪೂರ್ತಿ ಕಪ್ಪು ಚಿತ್ರವನ್ನೇ ಕೊಡಬಹುದು. ಸೋಪಿನ ಪುಡಿ, ತೆಂಗಿನ ನಾರು ಬೇಡ, ಮಸೂರದ ಮೇಲೆ ಗೀರು ಬಿದ್ದರೆ ಅದಕ್ಕೆ ಮದ್ದಿಲ್ಲ.

ಒಳ್ಳೆಯ ಕ್ಯಾಮೆರಾಗಳ ಡಬ್ಬಿಯ ಮೇಲೆ ಐಪಿ67 ಎಂದು ಬರೆದಿರುತ್ತದೆ. ದೂಳು ಹೊಗದು, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಕೆಡದು ಎಂಬ ಭರವಸೆ ಅದು. ವಾಟರ್ ಸರ್ವಿಸ್ ಕೇಂದ್ರದಲ್ಲಿ ಬಿರುಸಿನ ಪೈಪನ್ನು ಒಂದು ಅಡಿ ದೂರದಿಂದ ನೇರ ಕ್ಯಾಮೆರಾಕ್ಕೆ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಅದು ಭರವಸೆಯಲ್ಲ. ಅಂಥ ಒತ್ತಡದ ಬಿಸಿ ನೀರಿನ ಹೊಡೆತಕ್ಕೆಂದೇ ಐಪಿ69ಕೆ ಎಂಬ ಬೇರೆ ಪರೀಕ್ಷೆಯಿದೆ. ಕಾರು ತೊಳೆಸಿದ ಮರುದಿನ ಚಿತ್ರ ಹೋದರೆ ಕಾರಣ ಅಲ್ಲೇ ಇದೆ. ತೊಳೆಯುವ ಹುಡುಗನಿಗೆ “ಅಣ್ಣ, ಹಿಂದೆ ಕ್ಯಾಮೆರಾ ಇದೆ, ಪೈಪು ದೂರ ಹಿಡೀರಿ” ಎಂದು ಮೊದಲೇ ಹೇಳಿಬಿಡುವುದು ಲೇಸು.

ವರ್ಷಕ್ಕೆ 7,000 ಮಿಲಿಮೀಟರು ದಾಟುವ ಮಳೆ ಕಾಣುವ ಆಗುಂಬೆಯ ಸೀಮೆಯಲ್ಲಿ, ಉಪ್ಪಿನ ಗಾಳಿಯ ಕಾರವಾರ, ಕುಂದಾಪುರ, ಮಂಗಳೂರಿನಲ್ಲಿ ನಿಜವಾದ ಶತ್ರು ಮಸೂರಕ್ಕಿಂತ ಜಾಯಿಂಟುಗಳನ್ನು ಹಿಡಿಯುತ್ತದೆ. ತಾಮ್ರದ ಮೇಲೆ ಹಸಿರು ಪುಡಿ ಕಟ್ಟಿದ ಕಿಲುಬು ಕರೆಂಟನ್ನು ತಡೆಯುತ್ತದೆ. ಅದು ತಂತಿಯ ಹೊದಿಕೆಯ ಒಳಗೇ ಇಂಚುಗಟ್ಟಲೆ ಏರಿರುವುದೂ ಉಂಟು. ಆಗ ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸಿ ಹೊಸದಾಗಿ ಜೋಡಿಸದೆ ಗತಿಯಿಲ್ಲ, ಮೇಲಿಂದ ಕೆರೆದರೆ ವಾರದ ಪರಿಹಾರ ಅಷ್ಟೆ. ಅರ್ತ್ ತಂತಿಯನ್ನು ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿ ಬಿಗಿದಿದ್ದರೆ ಅಲ್ಲೂ ತುಕ್ಕು ಹಿಡಿಯುತ್ತದೆ. ಬಣ್ಣ ಕೆರೆದು, ಲೋಹಕ್ಕೆ ಲೋಹ ಸೇರಿಸಿ ಬಿಗಿಮಾಡಿ, ಮೇಲೆ ತೆಳುವಾಗಿ ಗ್ರೀಸ್ ಸವರಬೇಕು. ಬಣ್ಣವಿಲ್ಲದ ಉರುಳು ಚಿತ್ರಗಳಲ್ಲಿ ಎಷ್ಟೋ ಈ ಒಂದು ಸ್ಕ್ರೂ ಬಿಗಿಯಾದರೆ ಸರಿಹೋಗುತ್ತವೆ.

ಇನ್ನು ಇಲಿ. ಅಡಕೆ, ಭತ್ತ ಇಡುವ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ನಗರದ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳೂ ಈ ವಿಷಯದಲ್ಲಿ ಹಿಂದಿಲ್ಲ. ಬಾನೆಟ್ಟಿನೊಳಗೆ ಕಡಿದರೆ ಕಾರು ನಿಂತು ಗೊತ್ತಾಗುತ್ತದೆ. ಡಿಕ್ಕಿಯ ಪಕ್ಕದ ಪ್ಯಾನಲ್ಲಿನ ಒಳಗೆ ಕಡಿದರೆ ಮೊದಲು ಹೋಗುವುದು ಇಂಥ ಸಣ್ಣ ತಂತಿಗಳು. ಪ್ಯಾನಲ್ ತೆಗೆದಾಗ ಹಿಕ್ಕೆಯೋ ಪ್ಲಾಸ್ಟಿಕ್ಕಿನ ಚೂರುಗಳೋ ಕಂಡರೆ ಒಂದೇ ತಂತಿ ಜೋಡಿಸಿ ಮುಚ್ಚಬೇಡಿ. ಅದರ ಜೊತೆಗಿನ ಎಲ್ಲ ತಂತಿಗಳನ್ನೂ ಬೆಳಕು ಹಿಡಿದು ನೋಡಿ. ಹೊದಿಕೆ ಸುಲಿದ ಎರಡು ತಂತಿಗಳು ಒಂದನ್ನೊಂದು ತಾಗಿದರೆ ಬೆಂಕಿಯ ಭಯವಿದೆ, ಕ್ಯಾಮೆರಾ ಆಮೇಲಿನ ಮಾತು.

ಮೀಟರು ಕೈಯಲ್ಲಿದ್ದರೆ

ಅನುಭವವಿರುವ ಎಲೆಕ್ಟ್ರಿಷಿಯನ್ ಕೇಳುವ ಮೊದಲ ಪ್ರಶ್ನೆ, “ರಿವರ್ಸ್ ಲೈಟ್ ಉರೀತಿದ್ಯಾ?” ರಾತ್ರಿ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಗೇರು ಹಾಕಿದರೆ ಕನ್ನಡಿಯಲ್ಲೇ ತಿಳಿಯುತ್ತದೆ. ದೀಪವೂ ಇಲ್ಲ, ಚಿತ್ರವೂ ಇಲ್ಲ ಎಂದಾದರೆ ಎರಡಕ್ಕೂ ಮೂಲ ಒಂದೇ: ಫ್ಯೂಸ್ ಅಥವಾ ಗೇರ್‌ಬಾಕ್ಸಿನ ಸ್ವಿಚ್. ಸೆನ್ಸರಿನ ಬೀಪ್ ಶಬ್ದವನ್ನೂ ಗಮನಿಸಿ. ಬೀಪ್ ಬರುತ್ತಿದ್ದರೆ ರಿವರ್ಸ್ ಸುದ್ದಿ ಗೇರ್‌ಬಾಕ್ಸಿನಿಂದ ಹೊರಟು ಒಂದು ಕಡೆಗಾದರೂ ಮುಟ್ಟಿದೆ.

ಫ್ಯೂಸ್ ಪೆಟ್ಟಿಗೆ ಸ್ಟೀರಿಂಗಿನ ಕೆಳಗೋ ಬಾನೆಟ್ಟಿನೊಳಗೋ ಇರುತ್ತದೆ. ಯಾವುದಕ್ಕೆ ಯಾವುದು ಎಂಬ ನಕ್ಷೆ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಸಿಗುತ್ತದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟಿದ್ದರೆ ಅದೇ ಬಣ್ಣದ್ದನ್ನೇ ಹಾಕಬೇಕು. ದೊಡ್ಡದನ್ನು ಹಾಕುವುದು, ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದು ಮಹಾ ಅಪಾಯ. ಹೊಸ ಫ್ಯೂಸೂ ಸುಟ್ಟರೆ ತಂತಿಯೊಂದು ಎಲ್ಲೋ ತಗಡಿಗೆ ತಾಗುತ್ತಿದೆ ಎಂದು ತಿಳಿದು ಅದನ್ನೇ ಹುಡುಕಬೇಕು.

ಕ್ಯಾಮೆರಾದ ಪ್ಲಗ್ ಬಿಚ್ಚಿ, ಅಲ್ಲಿ ಬರುವ ಕರೆಂಟನ್ನು ಮೀಟರಿನಿಂದ ಅಳೆಯಿರಿ. ಎಂಜಿನ್ ಓಡದಿರುವಾಗ 12 ವೋಲ್ಟಿನ ಆಚೀಚೆ ಇರಬೇಕು. ಒಂದು ಎಚ್ಚರಿಕೆ: ಕಿಲುಬು ಹಿಡಿದ ಜಾಯಿಂಟು ಕೂಡ ಮೀಟರಿಗೆ ಪೂರ್ತಿ 12 ವೋಲ್ಟ್ ತೋರಿಸಬಲ್ಲದು, ಏಕೆಂದರೆ ಮೀಟರು ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ಹೊರಗೆ ಹಾಕಿಸಿದ ವೈರಿಂಗ್ ಆದರೆ ಅದೇ ತುದಿಗೆ ನಂಬರ್ ಪ್ಲೇಟಿನ ಚಿಕ್ಕ ಬಲ್ಬೊಂದನ್ನು ಸಿಕ್ಕಿಸಿ ನೋಡಬೇಕು. ಬಲ್ಬು ಮಂಕಾಗಿ ಉರಿದರೆ ದಾರಿಯಲ್ಲಿ ತಡೆಯಿದೆ. ಕಂಪನಿಯಿಂದಲೇ ಬಂದ ಕ್ಯಾಮೆರಾದ ತಂತಿಗಳ ಮೇಲೆ ಈ ಬಲ್ಬಿನ ಪ್ರಯೋಗ ಬೇಡ. ಅವು ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ ಸೇರಿರುತ್ತವೆ, ಬಲ್ಬು ಎಳೆಯುವ ಕರೆಂಟನ್ನು ತಾಳದೆ ಅವು ಸುಡಬಹುದು.

ಕರೆಂಟು ಸರಿಯಿದ್ದೂ ಚಿತ್ರವಿಲ್ಲದಿದ್ದರೆ ನನಗೆ ಎಲ್ಲಕ್ಕಿಂತ ಹೆಚ್ಚು ವಿಶ್ವಾಸವಿರುವ ಪರೀಕ್ಷೆ ಒಂದಿದೆ. ಕ್ಯಾಮೆರಾವನ್ನು ಕಳಚಿ ಮುಂದಿನ ಸೀಟಿಗೆ ತನ್ನಿ. ಸ್ಟೀರಿಯೊ ಹಿಂಬದಿಯ ಕ್ಯಾಮೆರಾ ಕಂಡಿಗೆ ಅದರ ಹಳದಿ ತುದಿಯನ್ನು ನೇರವಾಗಿ ಸಿಕ್ಕಿಸಿ, ಫ್ಯೂಸಿರುವ ತಂತಿಯಿಂದ 12 ವೋಲ್ಟ್ ಕೊಡಿ, ಗೇರು ರಿವರ್ಸಿಗೆ ಹಾಕಿ. ಚಿತ್ರ ಬಂತೆಂದರೆ ಕ್ಯಾಮೆರಾ, ಸ್ಟೀರಿಯೊ ಎರಡೂ ಚೆನ್ನಾಗಿವೆ, ದೋಷ ನಡುವಿನ ಕೇಬಲಿನದು. ಬರಲಿಲ್ಲವೆಂದರೆ ಬೇರೊಂದು ಕ್ಯಾಮೆರಾವನ್ನು ಅದೇ ಜಾಗದಲ್ಲಿ ಹಚ್ಚಿ ನೋಡಬೇಕು. ಹತ್ತು ನಿಮಿಷದ ಈ ಕೆಲಸ ಮಾಡದೆ ಕ್ಯಾಮೆರಾ ಹೋಗಿದೆ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ ಎಂದೇ ನಾನು ಭಾವಿಸುತ್ತೇನೆ. ಅಂಗಡಿಯವರನ್ನು “ಮುಂದೆ ತಂದು ಹಚ್ಚಿ ನೋಡಿದ್ರಾ?” ಎಂದು ಕೇಳುವುದು ಗ್ರಾಹಕನ ಹಕ್ಕು.

ಕೆಲವೊಮ್ಮೆ ತಂತಿಗಳೆಲ್ಲ ಸರಿಯಿದ್ದು ತಪ್ಪು ಸೆಟ್ಟಿಂಗಿನಲ್ಲಿರುತ್ತದೆ. ಆಂಡ್ರಾಯ್ಡ್ ಸ್ಟೀರಿಯೊ ಅಪ್‌ಡೇಟ್ ಆದ ಮೇಲೆ ಅಥವಾ ಬ್ಯಾಟರಿ ಬದಲಿಸಿದ ಮೇಲೆ ಕ್ಯಾಮೆರಾದ ಬಗೆ ಬದಲಾಗಿರಬಹುದು. ಹಳೆಯ ಟೀವಿ ಕಾಲದ ಪಾಲ್, ಎನ್‌ಟಿಎಸ್‌ಸಿ ಎಂಬ ಎರಡು ಪದ್ಧತಿಗಳು ಇಲ್ಲಿ ಇನ್ನೂ ಜೀವಂತವಾಗಿವೆ. ಮೊದಲನೆಯದು 625 ಗೆರೆಗಳದ್ದು, ಎರಡನೆಯದು 525 ಗೆರೆಗಳದ್ದು. ಇವಲ್ಲದೆ ಎಎಚ್‌ಡಿ ಎಂಬ ಹೆಚ್ಚು ಸ್ಪಷ್ಟತೆಯ ಬಗೆಯೂ ಬಂದಿದೆ. ಕ್ಯಾಮೆರಾ ಕಳಿಸುವುದು ಒಂದು, ಸ್ಟೀರಿಯೊ ಎದುರು ನೋಡುವುದು ಇನ್ನೊಂದು ಆದರೆ ಪರದೆ ಕಪ್ಪಾಗಿಯೋ ಗೀಚುಗೀಚಾಗಿಯೋ ಉಳಿಯುತ್ತದೆ. ಸೆಟ್ಟಿಂಗಿಗೆ ಹೋಗಿ ಒಂದೊಂದನ್ನೇ ಆರಿಸಿ ನೋಡಿದರೆ ಖರ್ಚಿಲ್ಲದೆ ಮುಗಿಯಿತು. ಹೊಸ ಕ್ಯಾಮೆರಾ ಕೊಳ್ಳುವಾಗಲೂ ಸ್ಟೀರಿಯೊ ಯಾವುದನ್ನು ಒಪ್ಪುತ್ತದೆ ಎಂದು ಕೇಳಿಯೇ ಕೊಳ್ಳಬೇಕು.

ಕಂಪನಿಯಿಂದಲೇ ಬಂದ ಕ್ಯಾಮೆರಾಗಳ ಕಥೆ ಬೇರೆ. ಅವುಗಳಲ್ಲಿ ಹಲವು 12 ವೋಲ್ಟಿನವಲ್ಲ. 6 ವೋಲ್ಟಿನ ಆಸುಪಾಸಿನಲ್ಲಿ ನಡೆಯುವವೂ ಇವೆ. ರಿವರ್ಸ್ ದೀಪದಿಂದ ನೇರ ಕರೆಂಟು ಕೊಟ್ಟರೆ ಸರಿಯಿದ್ದ ಕ್ಯಾಮೆರಾವೂ ಆ ಕ್ಷಣವೇ ಸುಡುತ್ತದೆ. ಹೊಸ ಕಾರುಗಳಲ್ಲಿ ರಿವರ್ಸ್ ಸುದ್ದಿ ಪ್ರತ್ಯೇಕ ತಂತಿಯಲ್ಲಿ ಬರದೆ ಕಾರಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಜಾಲದಲ್ಲಿ ಬರುತ್ತದೆ. ಒಬಿಡಿ ಪೋರ್ಟಿಗೆ ಸ್ಕ್ಯಾನರ್ ಹಚ್ಚಿ ದೋಷದ ಸಂಖ್ಯೆ ಓದಿಸುವುದೇ ಅಲ್ಲಿ ಸರಿಯಾದ ಮೊದಲ ಹೆಜ್ಜೆ. ವಾರಂಟಿ ಇನ್ನೂ ಇದ್ದರೆ ಒಂದು ತಂತಿಯನ್ನೂ ಮುಟ್ಟದೆ ಶೋರೂಮಿಗೆ ಹೋಗಬೇಕು. ಹೋಗುವ ಮೊದಲು ಚಿತ್ರ ಬಾರದ ಪರದೆಯನ್ನು ಮೊಬೈಲಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ, ಬಂದು ಹೋಗುವ ದೋಷ ಸರ್ವಿಸ್ ಸೆಂಟರಿನಲ್ಲಿ ತಲೆಮರೆಸಿಕೊಳ್ಳುವುದು ಬಹಳ.

ಬಂಪರಿನ ಹಿಂದಿನ ಆ ಜಾಗ

ಒಂದು ಸಣ್ಣ ಪರದೆಗೆ ಇಷ್ಟು ಶ್ರಮ ಏಕೆ, ಕನ್ನಡಿಗಳಿವೆಯಲ್ಲ, ಕತ್ತು ತಿರುಗಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಕ್ಯಾಮೆರಾ ಮೊದಲು ಬಂದದ್ದೂ ಬೆರಗಿನ ವಸ್ತುವಾಗಿಯೇ. 1956ರಲ್ಲಿ ಬ್ಯೂಕ್ ಸೆಂಚೂರಿಯನ್ ಎಂಬ ಪ್ರದರ್ಶನದ ಕಾರಿನಲ್ಲಿ ಕನ್ನಡಿಯ ಬದಲು ಹಿಂದೆ ಟೀವಿ ಕ್ಯಾಮೆರಾ, ಮುಂದೆ ಪರದೆ ಇಟ್ಟು ತೋರಿಸಿದ್ದರು. ಮಾರಾಟದ ಕಾರುಗಳಿಗೆ ಅದು ಬಂದದ್ದು ದಶಕಗಳ ನಂತರ, ಕಡ್ಡಾಯವಾದದ್ದಂತೂ ದುಃಖದ ದಾರಿಯಿಂದ.

2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಮಕ್ಕಳ ವೈದ್ಯರೊಬ್ಬರು ಮನೆಯಂಗಳದಲ್ಲಿ ತಮ್ಮ ಎಸ್‌ಯುವಿಯನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಅವರದೇ ಎರಡು ವರ್ಷದ ಮಗು ಕ್ಯಾಮರನ್ ಗಲ್ಬ್ರಾನ್ಸನ್ ಅದರಡಿ ಸಿಕ್ಕಿ ಪ್ರಾಣ ಬಿಟ್ಟಿತು. ಕನ್ನಡಿಗಳನ್ನು ನೋಡಿಯೇ ಅವರು ಹಿಂದೆ ಬಂದಿದ್ದರು. ಕನ್ನಡಿಗಳಿಗೆ ಕಾಣದಷ್ಟು ಪುಟ್ಟದಾಗಿತ್ತು ಮಗು. ಆ ಮಗುವಿನ ಹೆಸರಿನಲ್ಲೇ ಅಮೆರಿಕ 2008ರಲ್ಲಿ ಕಾನೂನು ಮಾಡಿತು, 2014ರಲ್ಲಿ ನಿಯಮ ಅಂತಿಮವಾಯಿತು, 2018ರ ಮೇ 1ರ ಹೊತ್ತಿಗೆ ಅಲ್ಲಿನ ಪ್ರತಿಯೊಂದು ಹೊಸ ಕಾರಿಗೂ ಹಿಂಬದಿಯ ಕ್ಯಾಮೆರಾ ಕಡ್ಡಾಯವಾಯಿತು. ನಿಯಮ ಮಾಡುವಾಗ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿದ ಪ್ರಕಾರ ಹಿಮ್ಮುಖ ಚಲನೆಯ ಅಪಘಾತಗಳಲ್ಲಿ ವರ್ಷಕ್ಕೆ ಸರಾಸರಿ 210 ಮಂದಿ ಸಾಯುತ್ತಿದ್ದರು. ಅವರಲ್ಲಿ ಶೇ 31ರಷ್ಟು ಐದು ವರ್ಷದೊಳಗಿನ ಮಕ್ಕಳು, ಶೇ 26ರಷ್ಟು 70 ದಾಟಿದ ಹಿರಿಯರು. ಅಲ್ಲಿ ಮನೆ ಮುಂದೆ ಡ್ರೈವ್‌ವೇ ಇರುವ ಜಾಗದಲ್ಲಿ ನಮ್ಮಲ್ಲಿ ಮಕ್ಕಳಾಡುವ ಅಂಗಳ, ವಠಾರ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇವೆ. ಅಪ್ಪ ಹೊರಟನೆಂದು ಟಾಟಾ ಮಾಡಲು ಓಡಿಬರುವ ಮಗು ಎಲ್ಲ ಊರಲ್ಲೂ ಒಂದೇ.

ಆದ್ದರಿಂದ ಚಿತ್ರ ಕೆಟ್ಟ ದಿನದಿಂದ ರಿಪೇರಿಯಾಗುವವರೆಗೆ ಕಾರನ್ನು ಹಿಂದೆ ತೆಗೆಯುವ ಮೊದಲು ಇಳಿದು ಒಂದು ಸುತ್ತು ಬಂದು ನೋಡಲೇಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಗು ಯಾರ ಕೈಯಲ್ಲಿದೆ ಎಂದು ಕಣ್ಣಾರೆ ಕಂಡೇ ಗೇರು ಹಾಕಬೇಕು. ಕ್ಯಾಮೆರಾಕ್ಕೆ ಒಗ್ಗಿದ ಕಣ್ಣು ಕನ್ನಡಿ ನೋಡುವ ರೂಢಿಯನ್ನು ಬೇಗ ಬಿಡುತ್ತದೆ. ಪರದೆ ಕಪ್ಪಾದ ಮೊದಲ ವಾರವೇ ಹೆಚ್ಚು ಅಪಾಯದ್ದು ಎಂದು ನನಗನ್ನಿಸುವುದು ಇದೇ ಕಾರಣಕ್ಕೆ. ಸೆನ್ಸರ್ ಇದೆಯಲ್ಲ ಎಂದು ನೆಚ್ಚಿ ಕೂರುವ ಹಾಗೂ ಇಲ್ಲ. ತೆಳುವಾದ ಕಂಬ, ನೆಲಕ್ಕೆ ಹತ್ತಿದ ವಸ್ತು, ಮೆತ್ತನೆಯ ಬಟ್ಟೆ ತೊಟ್ಟ ಪುಟ್ಟ ದೇಹ ಅದಕ್ಕೆ ತಪ್ಪಿಹೋಗಬಹುದು.

ರಿಪೇರಿ ಮುಗಿದು ಚಿತ್ರ ಬಂದ ಮೇಲೂ ಅಂಗಡಿಯಿಂದ ಕೂಡಲೇ ಹೊರಡಬೇಡಿ. ಬದಲಿ ಕ್ಯಾಮೆರಾ ಹಾಕಿದ್ದರೆ ಎಡ ಬಲ ತಿರುವುಮುರುವಾಗಿಲ್ಲವೇ ನೋಡಿ. ಹಿಂಬದಿಯ ಚಿತ್ರ ಕನ್ನಡಿಯಲ್ಲಿ ಕಂಡಂತೆಯೇ ಇರಬೇಕು, ಎಡಗಡೆ ನಿಂತವರು ಪರದೆಯ ಎಡಕ್ಕೇ ಕಾಣಬೇಕು. ಹಲವು ಕ್ಯಾಮೆರಾಗಳ ತಂತಿಯಲ್ಲಿ ಇದನ್ನು ಬದಲಿಸಲೆಂದೇ ಸಣ್ಣ ಕುಣಿಕೆಯೊಂದನ್ನು ಬಿಟ್ಟಿರುತ್ತಾರೆ, ಅದನ್ನು ಕತ್ತರಿಸಿದರೆ ಚಿತ್ರ ಮಗುಚುತ್ತದೆ. ಆಮೇಲೆ ಕ್ಯಾಮೆರಾದ ಓರೆ ನೋಡಬೇಕು. ಅಮೆರಿಕದ ನಿಯಮದಲ್ಲಿ ಒಂದೂವರೆ ವರ್ಷದ ಮಗುವಿನ ಅಳತೆಗೆ ಸರಿಯಾಗಿ 0.8 ಮೀಟರ್ ಎತ್ತರ, 0.3 ಮೀಟರ್ ಅಡ್ಡಗಲದ ಕಂಬಗಳನ್ನು ಕಾರಿನ ಹಿಂದೆ ನಿಲ್ಲಿಸಿ ಪರೀಕ್ಷಿಸುತ್ತಾರೆ. ಚಿತ್ರ ತೋರಬೇಕಾದ ಜಾಗ 10 ಅಡಿ ಅಗಲ, 20 ಅಡಿ ಉದ್ದ. ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಅದು ಪರದೆಗೆ ಬರಬೇಕು. ನಾವು ಮನೆಯಲ್ಲಿ ಒಂದರ ಮೇಲೊಂದು ಕವುಚಿದ ಎರಡು ಬಕೆಟ್ಟುಗಳಿಂದ ಈ ಕೆಲಸ ಮಾಡಬಹುದು. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಬಂಪರಿಗೆ ಒಂದು ಅಡಿ ದೂರದಲ್ಲಿ ಮೊದಲು ನಡುವೆ, ಆಮೇಲೆ ಎಡ ಮೂಲೆಗೆ, ಬಲ ಮೂಲೆಗೆ ಇಟ್ಟು ಒಬ್ಬರು ಪರದೆ ನೋಡಲಿ. ಯಾವ ಜಾಗದಲ್ಲಿ ಬಕೆಟ್ಟು ಕಾಣುವುದಿಲ್ಲವೋ ಅದನ್ನು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ತೋರಿಸಿ, ಕ್ಯಾಮೆರಾದ ಸ್ಕ್ರೂ ಸಡಿಲಿಸಿ ಸ್ವಲ್ಪ ಕೆಳಕ್ಕೆ ಬಾಗಿಸಿ, ಮತ್ತೊಮ್ಮೆ ಇಟ್ಟು ನೋಡಿ.